ಮೋಟಾರಿನ ಹೊಸ್ತಿಲು

ಮಾಳಪ್ಪ ಕಳ್ಳನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಿರೇಕೆರೂರಿನ ಕಟ್ಟೆಗಳ ಮೇಲೆ ಕೂತು ಎಲೆಯಡಿಕೆ ಜಗಿಯುವ ಮಂದಿ ಇಂದಿಗೂ ಬೇರೆ ಕತೆ ಹೇಳುತ್ತಾರೆ. ಊರ ಬಾಯಿಗೆ ಮುಚ್ಚಳ ಹಾಕುವುದು ನನ್ನಿಂದಾಗದು. ಆದರೆ ಆ ಕತೆಯನ್ನು ಮೊದಲು ಕಾಗದಕ್ಕೆ ಇಳಿಸಿದವನು ನಾನೇ. ಕನ್ನಡ ಶಾಲೆಯ ಮಾಸ್ತರನಾಗಿದ್ದೆ, ಅಕ್ಷರ ದುಂಡಗಿತ್ತು. ಅರ್ಜಿ, ಫಿರ್ಯಾದಿ, ಲಗ್ನಪತ್ರಿಕೆ, ಏನು ಬರೆಸುವುದಿದ್ದರೂ ಜನ ನನ್ನ ಬಾಗಿಲಿಗೇ ಬರುತ್ತಿದ್ದರು. ಅದರ ಸೊಕ್ಕೂ ನನಗೆ ಸ್ವಲ್ಪ ಇತ್ತು.

ಮಾಳಪ್ಪ ಊರ ಹೊರಗಿನ ಕೇರಿಯವನು. ಹರೆಯದಲ್ಲಿ ಬಸವಣ್ಣೆಪ್ಪ ಧಣಿಗಳ ಎತ್ತು ಕಾಯುತ್ತಿದ್ದ. ಬಸವಣ್ಣೆಪ್ಪನವರೆಂದರೆ ಊರಲ್ಲಿ ಹತ್ತಿ ವ್ಯಾಪಾರದ ದೊಡ್ಡ ಮನೆತನ. ಮೂವತ್ತೊಂದನೆಯ ಇಸವಿಯ ಮಳೆಗಾಲದಲ್ಲಿ ಹಾನಗಲ್ಲ ರಸ್ತೆಯ ಕೆಸರಿನಲ್ಲಿ ಒಂದು ಮೋಟಾರು ಹೂತುಹೋಯಿತು. ಅದನ್ನು ನಡೆಸುತ್ತಿದ್ದವನು ಸವಣೂರಿನ ಖಾದರಸಾಬ ಮಿಸ್ತ್ರಿ. ಮಾಳಪ್ಪ ಎರಡು ಜೋಡಿ ಎತ್ತು ಕಟ್ಟಿ ಅದನ್ನು ಎಳೆದು ಮೇಲೆ ಹಾಕಿದ. ಖಾದರಸಾಬ ಇನಾಮು ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡ.

“ಇದರ ಹೊಟ್ಟ್ಯಾಗ ಏನೈತಿ, ಒಮ್ಮೆ ತಗದ್ ತೋರಸ್ರಿ, ಸಾಕು.”

ಖಾದರಸಾಬ ನಕ್ಕು ಬಾನೆಟ್ಟು ಎತ್ತಿ ತೋರಿಸಿದ. ಎತ್ತುಗಳನ್ನು ಮನೆಗೆ ಮುಟ್ಟಿಸಿ ಮಾಳಪ್ಪ ಆ ವಾರವೇ ಸವಣೂರಿನ ಹಾದಿ ಹಿಡಿದ. ನಾಲ್ಕು ವರ್ಷ ಖಾದರಸಾಬನ ಹತ್ತಿರ ಗ್ರೀಸು ಮೆತ್ತಿಕೊಂಡು, ಬೈಸಿಕೊಂಡು, ಕಲಿತು, ಕೊನೆಗೆ ಡ್ರೈವರನ ಹಿತ್ತಾಳೆ ಬಿಲ್ಲೆಯನ್ನು ಅಂಗಿಗೆ ಚುಚ್ಚಿಕೊಂಡು ಊರಿಗೆ ಬಂದ. ಕೇರಿಯ ಜನ ಆ ಬಿಲ್ಲೆಯನ್ನು ಮುಟ್ಟಿ ಮುಟ್ಟಿ ನೋಡಿದರಂತೆ.

ಮೂವತ್ತೆಂಟರಲ್ಲಿ ಧಣಿಗಳು ಮೋಟಾರು ಕೊಂಡರು. ನಡೆಸಲು ಮಾಳಪ್ಪನನ್ನೇ ಇಟ್ಟುಕೊಂಡರು. ಅವನು ಮುಟ್ಟಿದ ಗಾಡಿಯಲ್ಲಿ ಕೂಡುವುದು ಹೇಗೆ ಎಂದು ಹಿರಿಯರು ಮೂಗು ಮುರಿದಾಗ ಧಣಿಗಳು ಮೀಸೆ ತೀಡುತ್ತ, “ಲೋಖಂಡಕ್ಕ ಎಲ್ಲೀ ಮೈಲಿಗಿ ಬಿಡ್ರಿ” ಎಂದುಬಿಟ್ಟರು. ಕಬ್ಬಿಣಕ್ಕೆ ಇರಲಿಲ್ಲ, ಮನುಷ್ಯನಿಗೆ ಇತ್ತು. ದಿನಾ ಸಂಜೆ ಮಾಳಪ್ಪ ಮೋಟಾರಿನ ಕೀಲಿಕೈಯನ್ನು ಧಣಿಗಳ ಮನೆಯ ಕಟ್ಟೆಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುವನು. ಧಣಿಗಳ ಹೆಂಡತಿ ಸುಶೀಲವ್ವನವರು ಹೊರಗೆ ಬಂದು ಅದನ್ನು ಎತ್ತಿಕೊಳ್ಳುವರು. ಇಡೀ ಮನೆಯವರ ಜೀವವನ್ನು ಅವನ ಕೈಗೆ ಕೊಟ್ಟು ಹಾನಗಲ್ಲು, ಶಿಗ್ಗಾಂವಿ ಸುತ್ತಿ ಬರುವವರು, ಕೀಲಿಕೈಯನ್ನು ಮಾತ್ರ ಆ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ಮೋಟಾರು ಶೆಡ್ಡಿನ ಎದುರಿಗೇ ನನ್ನ ಮನೆ. ಇದನ್ನೆಲ್ಲ ದಿನಾ ನೋಡುತ್ತಿದ್ದೆ, ಆಗ ನನಗೂ ಇದು ವಿಚಿತ್ರ ಅನಿಸಿರಲಿಲ್ಲ.

ಆಮೇಲೆ ಯುದ್ಧ ಬಂತು. ಪೆಟ್ರೋಲಿಗೆ ಕೂಪನ್ನು, ಟಾಯರಿಗೆ ಬರಗಾಲ. ಮೋಟಾರುಗಳು ಶೆಡ್ಡಿನಲ್ಲಿ ಸುಮ್ಮನೆ ನಿಂತವು, ಸುಮ್ಮನೆ ನಿಂತದ್ದರ ಮೇಲೆ ಕಳ್ಳರ ಕಣ್ಣು ಬಿತ್ತು. ನಲವತ್ಮೂರರ ಬೇಸಿಗೆಯಲ್ಲಿ ಹಾನಗಲ್ಲಿನ ವಕೀಲರೊಬ್ಬರ ಮೋಟಾರು ಬೆಳಗಾಗುವುದರಲ್ಲಿ ಮಾಯವಾಯಿತು. ಗಡಿ ದಾಟಿ ಮೈಸೂರು ಸೀಮೆಗೆ ಹೋಯಿತು ಎಂದು ಕೆಲವರು, ಸವಣೂರು ಸಂಸ್ಥಾನದಲ್ಲಿ ಬಿಚ್ಚಿ ಮಾರಿದರು ಎಂದು ಕೆಲವರು ಹೇಳಿದರು. ಸಿಕ್ಕಂತೂ ಸಿಗಲಿಲ್ಲ. ಬಸವಣ್ಣೆಪ್ಪನವರಿಗೆ ನಿದ್ದೆ ಹತ್ತದಂತಾಯಿತು.

“ಮಾಳ್ಯಾ, ಹಾನಗಲ್ಲಾಗ ಆದದ್ದು ನಮ್ಮಲ್ಲಿ ಆಗಬಾರ್ದು ನೋಡು. ಕೀಲಿ ಇದ್ದರ ಸಾಕಾಗೂದಿಲ್ಲೇನು?”

“ಕೀಲಿ ಏನ್ ಹಚ್ಚೀರಿ ಧಣ್ಯಾರ, ಎರಡ ತಂತಿ ಕೂಡಿಸಿದ್ರ ಮೋಟಾರ ಚಾಲೂ ಆಕ್ಕತಿ. ಬ್ಯಾರೇನ ಒಂದು ಮಾಡ್ತೇನಿ, ನನಗ ಬಿಡ್ರಿ.”

ಅವನು ಮಾಡಿದ್ದು ಇಷ್ಟು. ಎಂಜಿನ್ನಿಗೆ ಕಿಡಿ ಕೊಡುವ ತಂತಿಯನ್ನು ನಡುವೆ ಕತ್ತರಿಸಿದ. ಎರಡು ತುದಿಗಳನ್ನೂ ತಂದು ಒಂದು ಗುಂಡಿಗೆ ಜೋಡಿಸಿದ. ಆ ಗುಂಡಿ ಖಾದರಸಾಬನ ಮೋಡಕಾ ಸಾಮಾನಿನ, ಅಂದರೆ ಗುಜರಿಯ, ರಾಶಿಯಲ್ಲಿ ಸಿಕ್ಕದ್ದು. ಮೋಟಾರಿನ ದೀಪ ಇಳಿಸಲು, ಏರಿಸಲು ಡ್ರೈವರರು ಕಾಲಿನಿಂದ ಒತ್ತುತ್ತಾರಲ್ಲ, ಅಂಥದು. ಒಮ್ಮೆ ಒತ್ತಿದರೆ ತಂತಿ ಕಡಿಯುತ್ತದೆ, ಇನ್ನೊಮ್ಮೆ ಒತ್ತಿದರೆ ಕೂಡುತ್ತದೆ. ಕಡಿದಾಗ ಹ್ಯಾಂಡಲ್ಲು ಹಾಕಿ ಎಷ್ಟು ತಿರುವಿದರೂ ಎಂಜಿನ್ನು ಕೆಮ್ಮುವುದೂ ಇಲ್ಲ.

ಇದನ್ನು ಅಡಗಿಸುವುದೆಲ್ಲಿ? ಸೀಟಿನ ಕೆಳಗೆ ಎಂದರು ಧಣಿಗಳು.

“ಕಳ್ಳ ಮೊದ್ಲ ಸೀಟ ಎತ್ತಿ ನೋಡ್ತಾನ್ರಿ. ಹೊಸ್ತಿಲದಾಗ ಇಡ್ತೇನಿ. ಡ್ರೈವರ ಬಾಗಲಾ ತಗದಕೂಡ್ಲೆ ಬರೋ ಪಟ್ಟಿ ಐತೆಲ್ರಿ, ಅದರ ರಬ್ಬರ ಕೆಳಗ. ನಮ್ಮ ಸೀಮ್ಯಾಗ ಹುಟ್ಟಿದಾಂವ ಕಳ್ಳ ಆದ್ರೂ ಹೊಸ್ತಿಲ ತುಳೀತಾನೇನ್ರಿ?”

ಧಣಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮಾಳಪ್ಪ ಇನ್ನೂ ಒಂದು ಜಾಣತನ ಮಾಡಿದ. ಗುಂಡಿಯ ಗಟ್ಟಿ ಸ್ಪ್ರಿಂಗನ್ನು ತೆಗೆದು ಮೆತ್ತನೆಯದನ್ನು ಹಾಕಿದ, ಅಂಗೈಯಿಂದ ಒತ್ತಿದರೂ ಸಾಕಾಗುವಂತೆ. ಅಂದಿನಿಂದ ಬೆಳಿಗ್ಗೆ ಮೋಟಾರು ಹತ್ತುವ ಮುಂಚೆ ಅವನು ಬಗ್ಗಿ ಆ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವನು. ಸಂಜೆ ಇಳಿದ ಮೇಲೂ ಹಾಗೆಯೇ. ನೋಡಿದವರು “ಎಂಥಾ ಭಕ್ತಿ ನೋಡ್ರಿ” ಎನ್ನುತ್ತಿದ್ದರು. ನಾನೂ ಶಾಲೆಯಲ್ಲಿ ಒಮ್ಮೆ ಹುಡುಗರಿಗೆ ಅವನ ಉದಾಹರಣೆ ಕೊಟ್ಟಿದ್ದೇನೆ.

ಪರೀಕ್ಷೆಗೆಂದು ಧಣಿಗಳು ಖಾದರಸಾಬನನ್ನೇ ಕರೆಸಿದರು. ಗುರು ಒಂದು ತಾಸು ಹೆಣಗಾಡಿದ. ಬಾನೆಟ್ಟಿನ ಒಳಗೆ ತಲೆ ಹಾಕಿದ, ಗಾಡಿಯ ಕೆಳಗೆ ತೂರಿದ, ಬೆವರು ಒರೆಸಿಕೊಂಡು ಸೋತೆ ಎಂದ. “ಎಲ್ಲಿಟ್ಟೀ ಲೇ?” ಎಂದು ಕೇಳಿದರೆ ಶಿಷ್ಯ ಹೇಳಲಿಲ್ಲ. ಧಣಿಗಳು ಅವನಿಂದ ಬಾನೆಟ್ಟಿನ ಮೇಲೆ ಕೈಯಿಡಿಸಿ ಆಣೆ ಮಾಡಿಸಿದ್ದರು, ಹೆಂಡತಿಗೂ ಹೇಳಕೂಡದು ಎಂದು. ಲೋಕದಲ್ಲಿ ಆ ಜಾಗ ಬಲ್ಲವರು ಇಬ್ಬರೇ ಉಳಿದರು. ಅವರಲ್ಲಿ ಒಬ್ಬರಿಗೆ ಮೋಟಾರು ನಡೆಸಲು ಬಾರದು.

ಆ ವರ್ಷ ದೀಪಾವಳಿ ಅಮಾವಾಸ್ಯೆಯ ದಿನ ಮಧ್ಯಾಹ್ನ ಮಾಳಪ್ಪ ಮೋಟಾರು ತೊಳೆದು ಶೆಡ್ಡಿಗೆ ಹಾಕಿದ. ಗುಂಡಿ ಒತ್ತಿದ. ಹ್ಯಾಂಡಲ್ಲು ತಿರುವಿ ನೋಡಿದ, ಎಂಜಿನ್ನು ಏಳಲಿಲ್ಲ. ಕೆರೆಗೆ ಮೈ ತೊಳೆಯಲು ಹೋದ. ಹಬ್ಬವಲ್ಲವೇ, ಶೆಡ್ಡಿನ ಕಸ ಗುಡಿಸಿ ಬೀಗ ಹಾಕಿ ಬಾ ಎಂದು ಹೆಂಡತಿ ಕರೆವ್ವನಿಗೆ ಹೇಳಿದ್ದ. ಆ ರಾತ್ರಿ ಧಣಿಗಳ ಅಂಗಡಿಯಲ್ಲಿ ಲಕ್ಷ್ಮೀಪೂಜೆ, ಊರೆಲ್ಲ ಹಲಗೆ ಸದ್ದು, ಎಲ್ಲರ ಕಿವಿಯೂ ಅಲ್ಲೇ. ಬೆಳಗಾದರೆ ಪಾಡ್ಯ. ಶೆಡ್ಡಿನ ಬೀಗ ಒಡೆದು ಬಿದ್ದಿತ್ತು, ಒಳಗೆ ಎಣ್ಣೆಯ ಕಲೆ ಮಾತ್ರ ಇತ್ತು.

ಫಿರ್ಯಾದಿ ಬರೆಯಲು ನನ್ನನ್ನು ಕರೆದರು. ಧಣಿಗಳು ಹೇಳಿದರು, ನಾನು ಬರೆದೆ: ಸದರಿ ಮೋಟಾರಿಗೆ ಗುಪ್ತ ಗುಂಡಿ ಇದ್ದು, ಅದನ್ನು ತಿಳಿಯದೆ ಸವಣೂರಿನ ನುರಿತ ಮಿಸ್ತ್ರಿಯಿಂದಲೂ ಚಾಲೂ ಮಾಡಲು ಆಗಿಲ್ಲ, ಮಾಳಪ್ಪನ ಹೊರತು ಅದನ್ನು ತಿಳಿದ ಚಾಲಕರು ಯಾರೂ ಇಲ್ಲ. ಜಾಗದ ಹೆಸರು ಕಾಗದದಲ್ಲಿ ಬೇಡ, ಫೌಜದಾರರಿಗೆ ಬಾಯಿಂದ ಹೇಳುತ್ತೇನೆ ಎಂದರು ಧಣಿಗಳು. ಒಳ್ಳೆಯ ವಾಕ್ಯ ಬಂದಿದೆ ಎಂದು ನನಗೆ ಅನಿಸಿತ್ತು. ನಾಚಿಕೆಯಾಗುತ್ತದೆ, ಆದರೆ ಅನಿಸಿದ್ದು ಹೌದು.

ಫೌಜದಾರರು ಮೊದಲ ದಿನ ಮೆತ್ತಗೇ ಇದ್ದರು. “ಗುಂಡಿ ಒತ್ತೂದು ಮರತಿರಬೇಕು ನೋಡು, ನೆನಪ ಮಾಡ್ಕೋ” ಎಂದರು. ನಾನೂ ಪಕ್ಕಕ್ಕೆ ಕರೆದು ಹೇಳಿದೆ. “ಮರತೆ ಅಂತ ಅಂದುಬಿಡೋ ಮಾರಾಯಾ. ಬೈಸ್ಕೊಂತಿ, ಮುಗೀತು.”

ಮಾಳಪ್ಪ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗಿದೆ. ಅವನಿಗೆ ಸಿಟ್ಟು ಬಂದಿತ್ತು.

“ಮರತಿಲ್ರಿ ಮಾಸ್ತರ್ರ. ಒತ್ತೇನಿ, ಹ್ಯಾಂಡಲ ತಿರುವಿ ನೋಡೇನಿ. ಮಾಡಿದ ಕೆಲಸಾನ ಮಾಡಿಲ್ಲಂತ ಹೆಂಗ್ ಹೇಳ್ಲಿ?”

ಕೆಲಸದ ಮೇಲಿನ ಅಭಿಮಾನ ನೋಡಿ! ಸತ್ಯಕ್ಕೆ ಸಾವಿಲ್ಲ ಎಂದು ಶಾಲೆಯ ಗೋಡೆಯ ಮೇಲೆ ನಾನೇ ಬರೆಸಿದ್ದೆ. ಸತ್ಯಕ್ಕೆ ಸಾವು ಇಲ್ಲದಿರಬಹುದು, ಹೇಳಿದವನಿಗೆ ಲಾಠಿ ಏಟು ಇದೆ. ಎಂಟು ದಿನ ಅವನನ್ನು ಚೌಕಿಯಲ್ಲಿ ಇಟ್ಟರು. ಎಂಟು ದಿನವೂ ಅದೇ ಮಾತು: ಒತ್ತೇನಿ, ನೋಡೇನಿ, ಮರತಿಲ್ಲ.

ಒಂಬತ್ತನೆಯ ದಿನ ಶಿಗ್ಗಾಂವಿ ಕಡೆಯಿಂದ ಸುದ್ದಿ ಬಂತು, ದುಂಡಸಿಯ ಅಡವಿಯ ಅಂಚಿನಲ್ಲಿ ಮೋಟಾರು ಬಿದ್ದಿದೆ ಎಂದು. ಅಕ್ಷರ ದುಂಡಗಿದೆಯೆಂದು ಪಂಚನಾಮೆಗೂ ನನ್ನನ್ನೇ ಒಯ್ದರು. ಟಾಯರು ಇಲ್ಲ, ಬ್ಯಾಟರಿ ಇಲ್ಲ, ದೀಪಗಳಿಲ್ಲ. ಹುಲ್ಲಿನಲ್ಲಿ ಹೊಟ್ಟೆ ಊರಿ ಕೂತಿತ್ತು. ಎತ್ತು ಕಟ್ಟಿ ಅಷ್ಟು ದೂರ ಎಳೆದಿದ್ದರೆ ಹಾದಿಯುದ್ದಕ್ಕೂ ಜನ ನೋಡುತ್ತಿದ್ದರು. ಎಂಜಿನ್ನಿನ ಮೇಲೇ ಬಂದಿತ್ತು ಅದು. ಅಂದರೆ ತಂತಿ ಕೂಡಿತ್ತು.

ಗುಂಡಿ ಹೇಗಿದೆ ನೋಡು ಎಂದು ಫೌಜದಾರರು ಮಾಳಪ್ಪನನ್ನು ಮುಂದೆ ಕಳಿಸಿದರು. ನಾವು ಪಂಚರು ದೂರದಲ್ಲಿದ್ದೆವು. ಅವನು ಡ್ರೈವರನ ಬಾಗಿಲು ತೆಗೆದ, ಬಗ್ಗಿದ, ಕೆಳಗೆ ಏನನ್ನೋ ಎತ್ತಿ ನೋಡಿದ. ಹಾಗೆಯೇ ನಿಂತುಬಿಟ್ಟ. ಆಮೇಲೆ ಹೆಬ್ಬೆರಳಿನಿಂದ ಗಸಗಸ ಏನನ್ನೋ ಒರೆಸತೊಡಗಿದ.

“ಏನ ಒರಸಾಕತ್ತೀಯೋ?” ಫೌಜದಾರರು ಅವನತ್ತ ಓಡಿದರು.

“ಕೆಸರ್ರೀ ಸಾಹೇಬ್ರ.”

ಆಮೇಲೆ ಎಲ್ಲರಿಗೂ ಕೇಳುವಂತೆ ಕೈ ಮುಗಿದು ಹೇಳಿದ. “ಸಾಹೇಬ್ರ, ನನಗ ಈಗ ನೆನಪಾತು. ಅವತ್ತು ನಾನು ಗುಂಡಿ ಒತ್ತಿರ್ಲಿಲ್ರಿ. ಮರತಿದ್ದೆ.”

ಎಂಟು ದಿನ ಬೇಡಿದರೂ ಹೇಳದ ಮಾತನ್ನು ಈಗ ಹೇಳಿದ. ಯಾರು ನಂಬುತ್ತಾರೆ? ಗುರುತು ಒರೆಸಿದ, ಮಾತು ತಿರುಗಿಸಿದ ಎಂದು ಫೌಜದಾರರು ಬರೆಸಿದರು. ಬರೆದವನು ಮತ್ತೆ ನಾನೇ. ನನಗೂ ಆಗ ಅನುಮಾನ ಹೋಗಿ ನಂಬಿಕೆಯೇ ಬಂದುಬಿಟ್ಟಿತು, ಇವನದೇ ಕೆಲಸ ಎಂದು. ಮನೆಗೆ ಬಂದು ನನ್ನ ಹೆಂಡತಿಗೂ ಹಾಗೆಯೇ ಹೇಳಿದೆ.

ಕೋರ್ಟಿಗೆ ಹೋಗುವಷ್ಟು ಸಾಕ್ಷಿ ಸಿಗಲಿಲ್ಲ. ನಿಜವಾದ ಕಳ್ಳರು ಯಾರೆಂದು ಇವತ್ತಿನವರೆಗೂ ಗೊತ್ತಾಗಿಲ್ಲ. ಬಿಡುಗಡೆಯಾದ ದಿನ ಮಾಳಪ್ಪ ಧಣಿಗಳ ಕಟ್ಟೆಯ ಕೆಳಗೆ ಬಂದು ನಿಂತ. ಬಸವಣ್ಣೆಪ್ಪನವರ ಕಣ್ಣಲ್ಲಿ ನೀರಿತ್ತು, ಅದು ಸುಳ್ಳು ನೀರಲ್ಲ.

“ನಿನ್ನ ಜೇಲಿಗೆ ಕಳಸಂಗಿಲ್ಲ ಮಾಳ್ಯಾ. ಆದ್ರ ಇನ್ನ ನನ್ನ ಕಣ್ಣಿಗೆ ಬೀಳಬ್ಯಾಡ.”

ಬಿಲ್ಲೆಯನ್ನು ಮೊದಲೇ ಕಸಿದುಕೊಂಡಿದ್ದರು. ಬಸ್ಸಿನಂತೆ ಜನರನ್ನು ಸಾಗಿಸುವ ಶಿಗ್ಗಾಂವಿಯ ಸರ್ವಿಸ್ ಮೋಟಾರಿನ ಮಾಲಕರು ಅವನ ಮುಖ ನೋಡಿಯೇ ಬಾಗಿಲು ಮುಂದೆ ಮಾಡಿದರು. ಸವಣೂರಿಗೆ ಹೋದ. ಖಾದರಸಾಬ ಒಳಗೆ ಕರೆದು ಊಟ ಹಾಕಿಸಿದ, ಆಮೇಲೆ ತಲೆ ತಗ್ಗಿಸಿ ಕೂತ. “ನೀ ಕದ್ದಿಲ್ಲ, ನನಗ ಗೊತ್ತೈತಿ ಬೇಟಾ. ಆದ್ರ ನೀ ಇಲ್ಲಿ ಪಾನಾ ಹಿಡದು ಗಾಡಿ ಬಿಚ್ಚಾಕ ಕುಂತ್ರ ನಾಳಿಂದ ಒಂದು ಗಾಡಿನೂ ಬರೂದಿಲ್ಲ.” ತನ್ನದೇ ಗುಂಡಿಯ ಮುಂದೆ ಸೋತ ಗುರುವಿನ ಬಾಯಿಂದ ಅದು ಬಂತು. ಮಾಳಪ್ಪ ಅವನ ಕಾಲು ಮುಟ್ಟಿ ಎದ್ದುಬಂದ.

ಇಷ್ಟಾದ ಮೇಲೆ ಆರು ವರ್ಷ ನನಗೆ ಅವನ ಸುದ್ದಿ ಇರಲಿಲ್ಲ. ನಲವತ್ತೊಂಬತ್ತರಲ್ಲಿ ನನಗೆ ತಿಳವಳ್ಳಿಯ ಶಾಲೆಗೆ ಬದಲಿಯಾಯಿತು. ಒಂದು ದಿನ ಊರ ಹೊರಗೆ ರಸ್ತೆ ಬದಿಯಲ್ಲಿ ಒಬ್ಬ ಕೂಲಿಯವನು ಜಲ್ಲಿ ಒಡೆಯುತ್ತಿದ್ದ. ಹಾನಗಲ್ಲ ಬಸ್ಸು ಧೂಳೆಬ್ಬಿಸುತ್ತ ಹೋಯಿತು. ಅವನು ಸುತ್ತಿಗೆ ನಿಲ್ಲಿಸಿ, ಬಸ್ಸಿನ ಕಡೆ ನೋಡದೆಯೇ, ತನ್ನಷ್ಟಕ್ಕೆ ಎಂಬಂತೆ ಹೇಳಿದ: “ಒಂದು ಪ್ಲಗ್ಗು ಕಿಡಿ ಕೊಡಾಕತ್ತಿಲ್ಲ.” ಧ್ವನಿಯಿಂದ ಗುರುತು ಸಿಕ್ಕಿತು. ತಲೆ ಬೆಳ್ಳಗಾಗಿತ್ತು, ಎಡಗಿವಿ ಕೇಳುತ್ತಿರಲಿಲ್ಲ, ಅದು ಚೌಕಿಯ ಕೊಡುಗೆ.

ಜಲ್ಲಿ ರಾಶಿಯ ಮೇಲೆ ಅವನ ಪಕ್ಕ ಕೂತೆ. ಕೊನೆಗೆ ಕೇಳಿಯೇಬಿಟ್ಟೆ, ಅವತ್ತು ದುಂಡಸಿಯಲ್ಲಿ ಏನು ಒರೆಸಿದಿ ಎಂದು.

“ಕುಂಕುಮ” ಎಂದ.

ಗುಂಡಿಯನ್ನು ಹೊಸ್ತಿಲಿನಲ್ಲಿ ಇಟ್ಟದ್ದು, ಸ್ಪ್ರಿಂಗು ಬದಲಿಸಿದ್ದು, ಎಲ್ಲವನ್ನೂ ಆಗ ಹೇಳಿದ. ರಬ್ಬರು ಎತ್ತಿದರೆ ಕೆಳಗೆ ಅರಿಸಿನ, ಕುಂಕುಮ, ಅದಕ್ಕೆ ಅಂಟಿಕೊಂಡ ಐದು ಜೋಳದ ಕಾಳು. ಅವನ ಮನೆಯ ಹೊಸ್ತಿಲಿಗೆ ಅಮಾವಾಸ್ಯೆ ಅಮಾವಾಸ್ಯೆಗೆ ಕರೆವ್ವ ಇಡುತ್ತಿದ್ದದ್ದು ಅದೇ ಐದು ಕಾಳು. ಬಿಡುಗಡೆಯಾಗಿ ಮನೆಗೆ ಬಂದ ಮೇಲೆ ಏನೂ ಅರಿಯದವನಂತೆ ಕೇಳಿದನಂತೆ, ಹಬ್ಬದ ದಿನ ಶೆಡ್ಡಿನಲ್ಲಿ ಬರೇ ಕಸ ಗುಡಿಸಿದಿಯೋ ಹೇಗೆ ಎಂದು. ಅವಳು ಕಳ್ಳನಗೆ ನಕ್ಕು ಹೇಳಿದಳಂತೆ: ನೀವು ದಿನಾ ಮುಟ್ಟಿ ನಮಸ್ಕಾರ ಮಾಡೋ ಹೊಸ್ತಿಲಕ್ಕೆ ನಾನೂ ಪೂಜೆ ಮಾಡಿದೆ. ಧಣ್ಯಾರ ಮನೆ ಹೊಸ್ತಿಲಕ್ಕೂ ಗುಡಿ ಹೊಸ್ತಿಲಕ್ಕೂ ನಮ್ಮ ಕೈ ಹತ್ತುವುದಿಲ್ಲ, ಅನ್ನ ಕೊಡೋ ಈ ಹೊಸ್ತಿಲಕ್ಕಾದರೂ ಹತ್ತಲಿ ಅಂದುಕೊಂಡೆ. ಯಾರಾದರೂ ನೋಡಿ ಬೈದಾರು ಅಂತ ರಬ್ಬರಿನ ಒಂದು ಅಂಚು ಎತ್ತಿ ಕೆಳಗೆ ಇಟ್ಟು ಮುಚ್ಚಿದೆ. ಎರಡೂ ಕೈ ಊರಿ, ಹಣೆ ಹಚ್ಚಿ, ಇವರಿಗೆ ಏನೂ ಕೇಡು ಬಾರದಿರಲಿ ಅಂತ ಬೇಡಿಕೊಂಡೆ.

ಹಣೆ ಹಚ್ಚುವಾಗ ಊರಿದ ಅಂಗೈ ಮೆತ್ತನೆಯ ಸ್ಪ್ರಿಂಗನ್ನು ಒಮ್ಮೆ ಒತ್ತಿತ್ತು. ಮಧ್ಯಾಹ್ನ ಅವನು ಕಡಿದ ತಂತಿ ಸಂಜೆ ಕೂಡಿತ್ತು.

“ಇದನ್ನ ಯಾಕ ಹೇಳ್ಲಿಲ್ಲೋ? ನಾಳೇನ ನಾ ಹಿರೇಕೆರೂರಿಗೆ ಹೋಗಿ ಬಸವಣ್ಣೆಪ್ಪನವರ ಮುಂದ ಹೇಳ್ತೇನಿ” ಎಂದು ಎದ್ದು ನಿಂತೆ. ಅವನು ನನ್ನ ಧೋತರದ ಚುಂಗು ಹಿಡಿದು ಕೂಡಿಸಿದ.

“ಕೂಡ್ರಿ ಮಾಸ್ತರ್ರ. ಆಗ ಹೇಳಿದ್ರ ಏನಂತಿದ್ರು? ಗಂಡ ಹೇಳಿಕೊಟ್ಟಾನ, ಹೆಂಡತಿ ಗುಂಡಿ ಒತ್ಯಾಳ, ಇಬ್ರೂ ಕೂಡೇ ಕದ್ದಾರ ಅಂತಿದ್ರು. ಆಕೀನೂ ಚೌಕಿಗೆ ಒಯ್ತಿದ್ರು. ಅಲ್ಲಿ ಹೆಣಮಕ್ಕಳಿಗೆ ಏನ್ ಮಾಡ್ತಾರ, ಎಂಟ ದಿನದಾಗ ಕಣ್ಣಾರೆ ನೋಡೇನಿ. ಈಗ ಹೇಳಿದ್ರ ಧಣ್ಯಾರು ನಂಬಬಹುದು. ಆದ್ರ ಆಕಿ ಕಿವಿಗೂ ಬೀಳ್ತೈತಿ. ತನ್ನ ಕೈಯಾರೆ ಗಂಡನ್ನ ಹಾಳ ಮಾಡಿದೆ ಅಂತ ಗೊತ್ತಾದ್ರ ಆಕಿ ಒಂದ ದಿನಾನೂ ಬದಕಂಗಿಲ್ರಿ. ಗುಂಡಿ ಎಲ್ಲಿತ್ತು ಅಂತ ಆಕಿ ಕೇಳಿದಾಗ ಎಂಜಿನದ ಒಳಗ ಇತ್ತು ಅಂದೇನಿ. ಅದು ಹಂಗ ಇರಲಿ.”

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು ಅಂದರೆ ಇದು, ಉಗುಳುವಂತಿಲ್ಲ, ನುಂಗುವಂತಿಲ್ಲ. ಆರು ವರ್ಷ ಅವನು ಇಟ್ಟುಕೊಂಡಿದ್ದ, ಆ ದಿನ ನನ್ನ ಬಾಯಿಗೂ ಹಾಕಿದ. ಗಂಡ ಹೆಂಡತಿ ಇಬ್ಬರೂ ಹೋದ ಮೇಲೆಯೇ ನಾನಿದನ್ನು ಬರೆಯುತ್ತಿರುವುದು.

ಮನೆಗೆ ಬನ್ನಿ ಎಂದು ಕರೆದ. ಮೊದಲಾಗಿದ್ದರೆ ಹೋಗುತ್ತಿರಲಿಲ್ಲ, ಆ ದಿನ ಬೆನ್ನು ಹತ್ತಿ ಹೋದೆ. ಕರೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಗಾಬರಿಯಿಂದ ಎದ್ದಳು, ಕಂಬಳಿ ಕೊಡವಿ ಹಾಸಿದಳು. ನಮಗಿಬ್ಬರಿಗೂ ತಾಟು ಇಟ್ಟಳು. ನಾನು ಊಟಕ್ಕೆ ಕೂತದ್ದನ್ನು ಕಂಡು ಅವಳಿಗೆ ಏನನಿಸಿತೋ, ಎಷ್ಟೋ ವರ್ಷದಿಂದ ಯಾರ ಮುಂದೂ ಹೇಳದ್ದನ್ನು ಹೇಳುವಂತೆ ಮಾತಿಗಿಳಿದಳು.

“ಮಾಸ್ತರ್ರ, ನೀವು ಓದಿದವರು. ನೀವಽ ಹೇಳ್ರಿ. ಇವರ ಮ್ಯಾಲೆ ಕಳ್ಳಂತ ಹೆಸರ ಬಂತು. ಯಾರೋ ಒಬ್ರು ಆ ಗುಂಡಿ ಒತ್ತಿರಬೇಕಲ್ರಿ? ಅವರ ಕೈ ದೇವ್ರು ಇನ್ನೂ ಯಾಕ ಇಟ್ಟಾನ್ರಿ? ಅಮಾಸಿಗೊಮ್ಮೆ ದ್ಯಾಮವ್ವಗ ದೀಪಾ ಹಚ್ಚಿ ಬೇಡ್ಕೊಂತೇನಿ, ಆ ಕೈ ಸೇದಿ ಹೋಗ್ಲಿ, ಅದಕ್ಕ ಹುಳಾ ಬೀಳ್ಲಿ, ಅದು ಬಾಯಿಗೆ ತುತ್ತು ಎತ್ತದಂಗ ಆಗ್ಲಿ ಅಂತ.”

ಮುರಿದ ರೊಟ್ಟಿಯನ್ನು ನಾನು ತಾಟಿನಲ್ಲೇ ಇಟ್ಟೆ. ಮಾಳಪ್ಪ ತಾಟಿನಿಂದ ತಲೆಯೆತ್ತಲಿಲ್ಲ.

“ಸಾಕ ಬಿಡ. ಯಾರಿಗ್ಯಾಕ ಶಾಪಾ ಹಾಕ್ತಿ” ಎಂದ.

“ನೀವು ಹಿಂಗ ಮೆತ್ತಗ ಇದ್ದದ್ದಕ್ಕ ಈ ಪಾಡ ಬಂದೈತಿ” ಎಂದು ಅವಳು ಗಂಡನ ಮೇಲೆ ರೇಗಿದಳು. ಹೆಂಚಿನ ಮೇಲಿನ ಬಿಸಿ ರೊಟ್ಟಿಯನ್ನು ಬರಿಗೈಯಿಂದ ತೆಗೆದು ಅವನ ತಾಟಿಗೆ ಹಾಕಿದಳು. ಬೆರಳು ಸುಟ್ಟಿತೇನೋ, ಹಾ ಎಂದು ಕೈ ಕೊಡವಿದಳು.

ಮಾಳಪ್ಪ ಊಟ ಬಿಟ್ಟು ಥಟ್ಟನೆ ಎದ್ದ. ಆ ಕೈಯನ್ನು ಹಿಡಿದುಕೊಂಡು, ನಾನು ಇದ್ದೇನೆ ಎಂಬುದನ್ನೂ ಮರೆತು, ಊಫ್ ಊಫ್ ಎಂದು ಊದತೊಡಗಿದ.